ತಕ್ಕಡಿಯ ಮೂಢನಂಬಿಕೆ

ಪಾರ್ಸೆಲ್ ಸಾಗಣೆಯ ಖರ್ಚು ತೂಕದ ಮೇಲೆ ನಿಂತಿದೆ ಎಂಬ ನಂಬಿಕೆ ಕಳಿಸುವವರಲ್ಲೂ ತರಿಸಿಕೊಳ್ಳುವವರಲ್ಲೂ ಒಂದೇ ಸಮನೆ ಬೇರೂರಿದೆ. ಕೊರಿಯರ್ ಅಂಗಡಿಯ ತಕ್ಕಡಿ ಒಂದೂವರೆ ಕಿಲೋ ತೋರಿಸುತ್ತಿರುವಾಗ ರಸೀದಿಯಲ್ಲಿ ಆರು ಕಿಲೋ ಎಂದು ಬಂದರೆ ಅದು ಮೋಸ ಎಂದೇ ಲೆಕ್ಕ. ಆನ್‌ಲೈನ್ ಮಾರಾಟಗಾರರಲ್ಲಿ ಇದನ್ನು ಹಗಲು ದರೋಡೆ ಎನ್ನುವವರಿಗೆ ಕೊರತೆಯಿಲ್ಲ. ಈ ನಂಬಿಕೆ ಬುಡದಲ್ಲೇ ತಪ್ಪು. ಸಾಗಣೆದಾರ ಮಾರುವ ಸರಕು ಜಾಗ: ಲಾರಿಯೊಳಗಿನ ಜಾಗ, ವಿಮಾನದ ಹೊಟ್ಟೆಯೊಳಗಿನ ಜಾಗ, ಗೋದಾಮಿನ ಕಪಾಟಿನ ಜಾಗ, ಕಟ್ಟಕಡೆಗೆ ಡೆಲಿವರಿ ಹುಡುಗನ ಬೆನ್ನಿನ ಚೀಲದ ಜಾಗ. ಆ ಚೀಲ ತೂಕ ತಾಳಲಾರದೆ ಹರಿಯುವುದು ಅಪರೂಪ; ಇನ್ನೊಂದು ಪೆಟ್ಟಿಗೆ ಹಿಡಿಯದೆ ತುಂಬಿಹೋಗುವುದು ದಿನನಿತ್ಯದ ಸಂಗತಿ.

ರಸೀದಿಯ ಆ ಆರು ಕಿಲೋಗೆ ವ್ಯವಹಾರದಲ್ಲಿ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ಲೆಕ್ಕ ಸರಳ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ಗಾತ್ರದ ತೂಕ, ಕಿಲೋಗಳಲ್ಲಿ. 40, 30, 25 ಸೆಂಟಿಮೀಟರ್‌ನ ಪೆಟ್ಟಿಗೆಗೆ 30,000 ಘನ ಸೆಂಟಿಮೀಟರ್, ಅಂದರೆ 6 ಕಿಲೋ. ತಕ್ಕಡಿಯ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಭಾಜಕ ಎಲ್ಲ ಕಡೆಯೂ ಒಂದೇ ಅಲ್ಲ. ಸಾಮಾನ್ಯ ವಿಮಾನ ಸರಕಿಗೆ 6000, ಎಕ್ಸ್‌ಪ್ರೆಸ್ ಕೊರಿಯರ್‌ಗೆ ಬಹುಮಟ್ಟಿಗೆ 5000. ರಸ್ತೆ ಸಾಗಣೆಯವರು ಒಂದು ಘನ ಅಡಿಗೆ ಇಷ್ಟು ಕಿಲೋ ಎಂದು ಹಿಡಿಯುತ್ತಾರೆ. ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಸಿಎಫ್‌ಟಿ ಎಂಬುದು ಇದೇ. ಹಡಗಿನಲ್ಲಿ ಬಿಡಿ ಸರಕು ಕಳಿಸುವವರಿಗೆ ಒಂದು ಟನ್ ಅಥವಾ ಒಂದು ಘನ ಮೀಟರ್, ಎರಡರಲ್ಲಿ ಹೆಚ್ಚಿನದು.

ಈ ಲೆಕ್ಕ ಯಾಕೆ ಬೇಕಾಯಿತು ಎಂಬುದು ಲಾರಿಯ ಹಿಂಬಾಗಿಲು ತೆರೆದರೆ ತಿಳಿಯುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಓಡಾಡುವ 32 ಅಡಿ ಉದ್ದದ ಮುಚ್ಚಿದ ಕಂಟೇನರ್ ಲಾರಿಗಳಲ್ಲಿ ಒಂದು ಬಗೆ ಸುಮಾರು 7 ಟನ್ ಹೊರುತ್ತದೆ. ಅದರ ಒಳಗಿನ ಜಾಗ, ಅಗಲ ಎತ್ತರ ಎಂಟೆಂಟು ಅಡಿ ಎಂದು ಹಿಡಿದರೆ, ಸುಮಾರು 58 ಘನ ಮೀಟರ್. ಪ್ರತಿ ಘನ ಮೀಟರ್‌ಗೆ 120 ಕಿಲೋ ತುಂಬಿದರೆ ತೂಕವೂ ಜಾಗವೂ ಒಟ್ಟಿಗೆ ಮುಗಿಯುತ್ತವೆ. ಅದಕ್ಕಿಂತ ಹಗುರವಾದ ಸರಕು ತುಂಬಿದರೆ ಬಾಗಿಲು ಹಾಕುವ ಹೊತ್ತಿಗೆ ತೂಕದ ಲೆಕ್ಕದಲ್ಲಿ ಲಾರಿ ಅರೆಖಾಲಿ. ಆದರೂ ಅದರೊಳಗೆ ಇನ್ನೊಂದು ಪೆಟ್ಟಿಗೆ ತೂರುವುದಿಲ್ಲ. ಹಾಸಿಗೆ, ದಿಂಬು, ಚಿಪ್ಸ್, ಪ್ಲಾಸ್ಟಿಕ್ ಬಕೆಟ್, ಡಯಾಪರ್ ಎಲ್ಲವೂ ಈ ಜಾತಿಯವು. ಒಂದು ಚೀಲ ಅಕ್ಕಿ ಮಂಡಕ್ಕಿಯಾದರೆ ಹಲವು ಚೀಲವಾಗುತ್ತದೆ, ತೂಕ ಮಾತ್ರ ಹೆಚ್ಚುವುದಿಲ್ಲ. ದಾವಣಗೆರೆಯಿಂದ ಮಂಡಕ್ಕಿ ಹೊತ್ತು ಹೊರಡುವ ಲಾರಿಯಲ್ಲಿ ಚೀಲಗಳು ಕ್ಯಾಬಿನ್ನಿಗಿಂತ ಮೇಲೆದ್ದು ಹಗ್ಗ ಬಿಗಿಸಿಕೊಂಡಿರುತ್ತವೆ. ಸಿಮೆಂಟ್ ಲಾರಿಯಲ್ಲಿ ಚೀಲಗಳು ಅರ್ಧ ಎತ್ತರಕ್ಕೂ ಬರುವ ಮೊದಲೇ ತೂಕದ ಮಿತಿ ಮುಗಿದಿರುತ್ತದೆ. ಮಂಡಕ್ಕಿ ವ್ಯಾಪಾರಿಯನ್ನು ‘ಎಷ್ಟು ಕ್ವಿಂಟಾಲು?’ ಎಂದು ಕೇಳಿ ಸಿಮೆಂಟಿನ ದರದಲ್ಲೇ ಬಾಡಿಗೆ ಹೇಳುವ ಲಾರಿ ಮಾಲೀಕ ಹೆಚ್ಚು ದಿನ ಲಾರಿ ಇಟ್ಟುಕೊಳ್ಳಲಾರ.

ಡೀಸೆಲ್ ಸುಡುವುದು ತೂಕಕ್ಕೆ ತಕ್ಕಂತೆ ಅಲ್ಲವೇ ಎಂಬುದು ಎದುರು ಪಕ್ಷದ ಗಟ್ಟಿ ಪ್ರಶ್ನೆ. ಭಾರ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡುತ್ತದೆ, ನಿಜ. ಆದರೆ ಸರಕಿನ ತೂಕದ ಪ್ರಮಾಣದಲ್ಲಲ್ಲ. ಖಾಲಿ ಲಾರಿಯೇ ಹಲವು ಟನ್ ತೂಗುತ್ತದೆ, ಅದನ್ನು ಎಳೆಯಲು ಬೇಕಾದ ಡೀಸೆಲ್ ಬೇಕೇ ಬೇಕು. ವೇಗದಲ್ಲಿ ಓಡುವಾಗ ಎದುರಾಗುವ ಗಾಳಿಗೆ ಸರಕಿನ ತೂಕ ಲೆಕ್ಕಕ್ಕಿಲ್ಲ, ಲಾರಿಯ ಅಗಲ ಎತ್ತರಗಳೇ ಲೆಕ್ಕ. ಇನ್ನು ಚಾಲಕನ ಸಂಬಳ, ವಿಮೆ, ಪರ್ಮಿಟ್, ಸಾಲದ ಕಂತು ಯಾವುವೂ ಕಿಲೋ ಲೆಕ್ಕದಲ್ಲಿ ಬರುವಂಥವಲ್ಲ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್‌ನಿಂದ ಹಣ ಕಡಿತವಾಗುವುದು ವಾಹನದ ವರ್ಗ ಮತ್ತು ಆಕ್ಸಲ್‌ಗಳ ಸಂಖ್ಯೆಯ ಮೇಲೆ. ಒಳಗಿರುವುದು ಮಂಡಕ್ಕಿಯೋ ಮಾರ್ಬಲ್ಲೋ ಎಂದು ಅಲ್ಲಿ ಕೇಳುವವರಿಲ್ಲ. ಹೇಗಿದ್ದರೂ ಹೋಗುವ ಲಾರಿಯಲ್ಲಿ ಒಂದು ಹಗುರ ಪೆಟ್ಟಿಗೆ ಸೇರಿದರೆ ಏನು ನಷ್ಟ ಎಂಬ ವಾದಕ್ಕೆ ಹೆಚ್ಚು ಮಾತು ಬೇಕಿಲ್ಲ. ಲಾರಿ ತುಂಬುವುದೇ ಅಂಥ ಪೆಟ್ಟಿಗೆಗಳಿಂದ. ಕೊನೆಯದು ಒಳಗೆ ಹಿಡಿಯದೆ ಹೋದಾಗ ಎರಡನೆಯ ಲಾರಿ ಹೊರಡಬೇಕಾಗುತ್ತದೆ.

ಗಾತ್ರಕ್ಕೆ ಬಾಡಿಗೆ ಕೇಳುವುದು ಇ-ಕಾಮರ್ಸ್ ಕಂಪನಿಗಳು ಹುಟ್ಟುಹಾಕಿದ ಹೊಸ ಸುಲಿಗೆ ಎಂಬುದು ಈ ನಂಬಿಕೆಯ ಇನ್ನೊಂದು ಕವಲು. ಇದನ್ನು ಅಲ್ಲಗಳೆಯಲು ದೂರ ಹೋಗಬೇಕಿಲ್ಲ, ಧಾರವಾಡ ಸೀಮೆಯ ಹತ್ತಿಯ ಇತಿಹಾಸ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬಯಲುಸೀಮೆಯ ಅರಳೆ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಹಡಗಿನಲ್ಲಿ ಲಿವರ್‌ಪೂಲಿಗೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ನಿಂತಾಗ ಈ ವ್ಯಾಪಾರ ಉಕ್ಕಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಒತ್ತಾಯವಿತ್ತು. ಈ ದಾರಿಯಲ್ಲಿ ಹಡಗು ಹತ್ತುವ ಮುನ್ನ ಅರಳೆ ಒಂದು ಘಟ್ಟ ದಾಟಲೇಬೇಕಿತ್ತು: ಪ್ರೆಸ್. ಮೊದಲು ಆಳುಗಳು ತಿರುಗಿಸುವ ಸ್ಕ್ರೂ ಪ್ರೆಸ್, ಆಮೇಲೆ ಉಗಿಯ, ನೀರಿನ ಒತ್ತಡದ ಯಂತ್ರಗಳು. ಉಬ್ಬಿದ ಅರಳೆಯನ್ನು ಅವು ಕಲ್ಲಿನಂತೆ ಅದುಮಿ, ಕಬ್ಬಿಣದ ಪಟ್ಟಿ ಬಿಗಿದು ಬೇಲು ಮಾಡುತ್ತಿದ್ದವು.

ಪ್ರೆಸ್ಸಿನಿಂದ ಅರಳೆಯ ತೂಕ ಒಂದು ತೊಲೆಯೂ ಇಳಿಯುವುದಿಲ್ಲ, ಇಳಿಯುವುದು ಗಾತ್ರ ಮಾತ್ರ. ಬಾಡಿಗೆ ತೂಕಕ್ಕೇ ಇದ್ದಿದ್ದರೆ ಲಾಭ ಲೆಕ್ಕ ಹಾಕುವ ಯಾವ ವ್ಯಾಪಾರಿ ಆ ಯಂತ್ರಗಳಿಗೆ ಹಣ ಸುರಿಯುತ್ತಿದ್ದ? ಹಡಗಿನವರು ಹಗುರ ಸರಕಿಗೆ ಬಾಡಿಗೆ ಹಾಕುತ್ತಿದ್ದುದು ಘನ ಅಡಿಯ ಲೆಕ್ಕದಲ್ಲಿ. 40 ಘನ ಅಡಿಯನ್ನು ಒಂದು ಟನ್ ಎಂದು ಎಣಿಸುವ ಅಳತೆ ಟನ್ ಎಂಬ ಮಾನವೇ ಅವರಲ್ಲಿತ್ತು. ಇಂದಿಗೂ ನಮ್ಮ ಜಿನ್ನಿಂಗ್ ಪ್ರೆಸ್ಸಿಂಗ್ ಗಿರಣಿಗಳಿಂದ ಹೊರಬರುವ 170 ಕಿಲೋ ಬೇಲು ಆ ಲೆಕ್ಕದ ಸಂತಾನ. ಅಂಚೆಯಲ್ಲೂ ಗಾತ್ರದ ಚಿಂತೆ ಮೊದಲಿನಿಂದ ಇತ್ತು. 1913ರ ಜನವರಿ 1ರಂದು ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿದಾಗ 11 ಪೌಂಡ್ ತೂಕದ ಮಿತಿಯ ಪಕ್ಕದಲ್ಲೇ ಉದ್ದ ಮತ್ತು ಸುತ್ತಳತೆ ಸೇರಿ 72 ಅಂಗುಲ ಮೀರಬಾರದೆಂಬ ಮಿತಿಯನ್ನೂ ಇಟ್ಟಿತು.

ಇತಿಹಾಸದಲ್ಲಿ ವಿಚಿತ್ರವೆನಿಸಬೇಕಾದದ್ದು ಗಾತ್ರಕ್ಕೆ ದರ ಹಾಕಿದ ಕಾಲವಲ್ಲ, ಹಾಕದೆ ಬಿಟ್ಟ ಕಾಲ. ಅಮೆರಿಕದಲ್ಲಿ ಯುಪಿಎಸ್ ಮತ್ತು ಫೆಡೆಕ್ಸ್ ಕಂಪನಿಗಳು ರಸ್ತೆ ಮಾರ್ಗದ ಪಾರ್ಸೆಲ್‌ಗಳಲ್ಲಿ 3 ಘನ ಅಡಿಗಿಂತ ಚಿಕ್ಕವಕ್ಕೆ ತೂಕದ ದರವನ್ನಷ್ಟೇ ಹಾಕುತ್ತಿದ್ದವು. 2015ರ ಆರಂಭದಿಂದ ಆ ವಿನಾಯಿತಿ ಹೋಯಿತು, ಎಲ್ಲ ಪೆಟ್ಟಿಗೆಗಳೂ ಗಾತ್ರದ ಲೆಕ್ಕಕ್ಕೆ ಬಂದವು. ವಿನಾಯಿತಿ ಇದ್ದಾಗ ಆ ಜಾಗದ ಬಾಡಿಗೆಯನ್ನು ಯಾರೂ ಕಟ್ಟುತ್ತಿರಲಿಲ್ಲವೆಂದಲ್ಲ. ದಿಂಬು ಕಳಿಸುವವನ ಪಾಲನ್ನು ಪುಸ್ತಕ ಕಳಿಸುವವನು, ನಟ್ಟು ಬೋಲ್ಟು ಕಳಿಸುವವನು ತಮ್ಮ ಕಿಲೋ ದರದಲ್ಲಿ ಸೇರಿಸಿ ಕಟ್ಟುತ್ತಿದ್ದರು. ತೂಕದ ದರವೇ ನ್ಯಾಯ ಎನ್ನುವವರು ಬೇಡುತ್ತಿರುವುದು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಅನ್ಯಾಯವನ್ನು. ‘ಡೆಲಿವರಿ ಉಚಿತ’ ಎಂಬ ಹಲಗೆ ಇದಕ್ಕೆ ಹಾಕಿದ ಇನ್ನೊಂದು ಪರದೆ. ಉಚಿತ ಎಂದ ಕೂಡಲೇ ಲಾರಿಯ ಬಾಡಿಗೆ ಆವಿಯಾಗುವುದಿಲ್ಲ, ವಸ್ತುವಿನ ಬೆಲೆಯೊಳಗೆ ಹೋಗಿ ಕೂರುತ್ತದೆ. ಆಮೇಲೆ ಪೆಟ್ಟಿಗೆ ದೊಡ್ಡದಾಯಿತೆಂದು ಕೇಳುವ ಕಾರಣವೇ ಕೊಳ್ಳುವವನಿಗೆ ಇರುವುದಿಲ್ಲ.

ನಿಜವಾದ ನಷ್ಟ ಆಗುವುದು ಪೆಟ್ಟಿಗೆ ಆರಿಸುವ ಗಳಿಗೆಯಲ್ಲಿ. ಅಲ್ಲಿ ಕಣ್ಣು ಮೋಸ ಹೋಗುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಉದ್ದ, ಬಿಲ್ಲಿನಲ್ಲಿ ಬರುವುದು ಘನ. ಪ್ರತಿ ಬದಿ 20 ಸೆಂಟಿಮೀಟರ್ ಇರುವ ವಸ್ತುವಿನ ಗಾತ್ರ 8,000 ಘನ ಸೆಂಟಿಮೀಟರ್, ಅಂದರೆ 1.6 ಕಿಲೋ ಲೆಕ್ಕ. ಅದರ ಸುತ್ತ ಐದೈದು ಸೆಂಟಿಮೀಟರ್ ಜಾಗ ಬಿಟ್ಟು ಪೆಟ್ಟಿಗೆ ಮಾಡಿದರೆ ಬದಿ 30 ಆಗುತ್ತದೆ, ಗಾತ್ರ 27,000, ಲೆಕ್ಕ 5.4 ಕಿಲೋ. ಮೂರು ಪಟ್ಟಿಗೂ ಹೆಚ್ಚು. ಒಂದೇ ಸೆಂಟಿಮೀಟರ್ ಬಿಟ್ಟಿದ್ದರೆ 2.1 ಕಿಲೋ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಪೆಟ್ಟಿಗೆಯ ಮೂರೂ ಬದಿಗಳನ್ನು ಹತ್ತನೇ ಒಂದು ಭಾಗದಷ್ಟು ಕಿರಿದು ಮಾಡಿದರೆ ಗಾತ್ರ ಶೇ. 27ರಷ್ಟು ಇಳಿಯುತ್ತದೆ. ದುಂಡನೆಯ ಡಬ್ಬಿಗಂತೂ ಇದರಲ್ಲಿ ಕರುಣೆಯಿಲ್ಲ: ಅಳತೆಯ ಯಂತ್ರ ಅದರ ಸುತ್ತ ಹಿಡಿಸುವ ಚೌಕ ಪೆಟ್ಟಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮೂಲೆಗಳ ಶೇ. 21ಕ್ಕೂ ಹೆಚ್ಚಿನ ಜಾಗ ಗಾಳಿಯ ಪಾಲು. ತುಂಬಿ ಉಬ್ಬಿದ ಪೆಟ್ಟಿಗೆಗೂ ಅದೇ ಗತಿ, ಉಬ್ಬಿನ ತುದಿಯಿಂದ ತುದಿಗೆ ಅಳತೆ.

ದೊಡ್ಡ ಪೆಟ್ಟಿಗೆ ಸುರಕ್ಷಿತ ಎಂಬ ಮಾತು ಇಲ್ಲಿ ತಪ್ಪದೆ ಬರುತ್ತದೆ. ಒಡೆಯುವ ವಸ್ತುವಿಗೆ ಸುತ್ತ ಮೆತ್ತೆ ಬೇಕು ಎಂಬಷ್ಟರ ಮಟ್ಟಿಗೆ ಅದು ಸರಿ. ಗಾಜು ಪಿಂಗಾಣಿಗೆ ಜಾಗ ಉಳಿಸಲು ಹೋಗಿ ಚೂರು ಮಾಡಿಕೊಳ್ಳುವುದು ಜಾಣತನವಲ್ಲ. ಉಳಿದಂತೆ ಆ ಮಾತು ತಲೆಕೆಳಗು. ಖಾಲಿ ಜಾಗವಿದ್ದರೆ ವಸ್ತು ಒಳಗೆ ಓಡಾಡಿ ಬದಿಗೆ ಬಡಿಯುತ್ತದೆ. ಮೇಲೆ ಬೇರೆ ಪೆಟ್ಟಿಗೆ ಪೇರಿಸಿದಾಗ ಒಳಗಿನಿಂದ ಆಧಾರವಿಲ್ಲದ ರಟ್ಟು ಕುಸಿಯುತ್ತದೆ. ರಟ್ಟಿನ ಪೆಟ್ಟಿಗೆಯ ಭಾರ ತಾಳುವ ಶಕ್ತಿ ಅದರ ಸುತ್ತಳತೆ ಬೆಳೆದಷ್ಟು ವೇಗದಲ್ಲಿ ಬೆಳೆಯುವುದಿಲ್ಲ, ಸುಮಾರಾಗಿ ಸುತ್ತಳತೆಯ ವರ್ಗಮೂಲದಂತೆ ಮಾತ್ರ ಏರುತ್ತದೆ ಎಂಬುದು ಪ್ಯಾಕಿಂಗ್ ಎಂಜಿನಿಯರುಗಳಿಗೆ ಹಳೆಯ ಪಾಠ. ದೊಡ್ಡ ಪೆಟ್ಟಿಗೆ ತನ್ನ ಅಳತೆಗೆ ಹೋಲಿಸಿದರೆ ಚಿಕ್ಕದಕ್ಕಿಂತ ದುರ್ಬಲ.

ಜಾಗದ ಲೆಕ್ಕ ಅರಿತವರು ವಸ್ತುವನ್ನೇ ತಿದ್ದಿದರು. ಸ್ವೀಡನ್ನಿನ ಐಕಿಯಾ ಕಂಪನಿಯ ಬಾಂಗ್ ಎಂಬ ಕಾಫಿ ಮಗ್ ಮೊದಲು ಒಂದು ಪ್ಯಾಲೆಟ್ಟಿನ ಮೇಲೆ 864 ಕೂರುತ್ತಿತ್ತು. ಆಕಾರ ಬದಲಿಸಿದ ಮೇಲೆ 1,280, ಮತ್ತೆ ತಿದ್ದಿದ ಮೇಲೆ 2,024. ಒಂದರೊಳಗೊಂದು, ಒಂದರ ಪಕ್ಕ ಒಂದು ಕೂರುವ ಬಗೆ ಬದಲಾಯಿತು. ಚನ್ನಪಟ್ಟಣದ ಮರದ ಕುದುರೆಯನ್ನು ಇದೇ ಕಣ್ಣಿನಿಂದ ನೋಡಬಹುದು. ಮಗು ಕೂತು ತೂಗುವ ಕುದುರೆಯೊಂದು 4 ಕಿಲೋ ತೂಗುತ್ತದೆ, ಅದರ ಪೆಟ್ಟಿಗೆ 60, 30, 50 ಸೆಂಟಿಮೀಟರ್ ಎಂದಿಟ್ಟುಕೊಂಡರೆ ದರ ಬೀಳುವುದು 18 ಕಿಲೋಗೆ. ಕಾಲು, ತಲೆ ಬಿಚ್ಚಿ ಜೋಡಿಸುವಂತೆ ಮಾಡಿ ಪೆಟ್ಟಿಗೆಯ ಎತ್ತರವನ್ನು 15ಕ್ಕೆ ಇಳಿಸಿದರೆ 5.4 ಕಿಲೋ. ಈ ಗೊಂಬೆಗಳ ಆಲೆ ಮರ ಹಗುರ ಎಂಬ ಹೆಮ್ಮೆ ವಿದೇಶಕ್ಕೆ ಕಳಿಸುವಾಗ ಉಪಯೋಗಕ್ಕೆ ಬಾರದು. ಬರುವುದು ಬಿಚ್ಚಿ ಮಡಿಸುವ ಕಸುಬು. ಊರಿನಿಂದ ಅಮೆರಿಕದ ಮಕ್ಕಳಿಗೆ ಹೋಗುವ ತಿಂಡಿಯ ಡಬ್ಬಿಯಲ್ಲೂ ಇದೇ ನ್ಯಾಯ. ಕರಿಯದ ಹಪ್ಪಳ ಒಂದರ ಮೇಲೊಂದು ಮಲಗುತ್ತದೆ, ಚಟ್ನಿಪುಡಿ ಮೂಲೆಮೂಲೆ ತುಂಬುತ್ತದೆ. ಕೋಡುಬಳೆಗಳೋ ತಮ್ಮ ನಡುವಿನ ತೂತಿಗೂ ವಿಮಾನದ ಟಿಕೆಟ್ ತೆಗೆಸುತ್ತವೆ.

ತೂಕವೇ ಎಲ್ಲ ಎಂಬ ನಂಬಿಕೆ ಬಿಟ್ಟವರು ಪೆಟ್ಟಿಗೆ ಚಿಕ್ಕದಾದಷ್ಟೂ ಅಗ್ಗ ಎಂಬ ಇನ್ನೊಂದು ಹಳ್ಳಕ್ಕೆ ಬೀಳುವುದುಂಟು. 5000ದ ಭಾಜಕದಲ್ಲಿ ಗಡಿ ಇರುವುದು ಘನ ಮೀಟರ್‌ಗೆ 200 ಕಿಲೋ ಸಾಂದ್ರತೆಯಲ್ಲಿ. ಪುಸ್ತಕ ಅದರ ಎಷ್ಟೋ ಪಟ್ಟು ದಟ್ಟ. ಕನ್ನಡ ಪ್ರಕಾಶಕ ಪುಸ್ತಕದ ಕಟ್ಟನ್ನು ಇನ್ನಷ್ಟು ಬಿಗಿದರೂ ಒಂದು ರೂಪಾಯಿ ಉಳಿಯುವುದಿಲ್ಲ, ಅಲ್ಲಿ ತಕ್ಕಡಿಯೇ ದೊರೆ. ಒಂದು ಆರ್ಡರನ್ನು ಮೂರು ಪುಟ್ಟ ಪೆಟ್ಟಿಗೆಗಳಾಗಿ ಒಡೆದರೆ ಮೊದಲ ಸ್ಲ್ಯಾಬಿನ ದರ ಮೂರು ಸಲ ಬೀಳುತ್ತದೆ. ಇನ್ನು ಗಾತ್ರ ಸಣ್ಣದಿದ್ದರೂ ಉದ್ದವಾದ ವಸ್ತುಗಳ ಕಥೆ ಬೇರೆ. ಪರದೆಯ ಕೋಲು, ಮೀನಿನ ಗಾಳದ ಕೋಲು ವಿಂಗಡಣೆಯ ಬೆಲ್ಟಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ, ಕೈಯಲ್ಲೇ ಎತ್ತಿ ಸಾಗಿಸಬೇಕಾಗುತ್ತದೆ. ಅದಕ್ಕೇ ಕಂಪನಿಗಳು ಉದ್ದಕ್ಕೂ ಸುತ್ತಳತೆಗೂ ಮಿತಿ ಇಟ್ಟು, ಮೀರಿದರೆ ಹೆಚ್ಚುವರಿ ಶುಲ್ಕ ಹಾಕುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಕಂಪನಿಗಳು ಸಾಚಾ ಎಂದು ಬಿಟ್ಟುಬಿಡುವಂತಿಲ್ಲ. ಜನರ ಸಿಟ್ಟು ಇರಬೇಕಾದ ಜಾಗ ಬೇರೆ: ಗಾತ್ರಕ್ಕೆ ದರ ಹಾಕುವ ತತ್ತ್ವದ ಮೇಲಲ್ಲ, ಭಾಜಕದ ಮೇಲೆ. ಬೋಯಿಂಗ್ 777 ಸರಕು ವಿಮಾನ ಸುಮಾರು 102 ಟನ್ ಹೊರುತ್ತದೆ, ಅದರ ಸರಕಿನ ಜಾಗ ಸುಮಾರು 653 ಘನ ಮೀಟರ್. ಅಂದರೆ ಘನ ಮೀಟರ್‌ಗೆ 156 ಕಿಲೋ ತುಂಬಿದಾಗ ಎರಡೂ ಮಿತಿ ಒಟ್ಟಿಗೆ ಮುಟ್ಟುತ್ತವೆ. 6000ದ ಭಾಜಕ ಹಿಡಿಯುವುದು ಘನ ಮೀಟರ್‌ಗೆ 167 ಕಿಲೋ. ಇದು ವಿಮಾನದ ಮೈಕಟ್ಟಿಗೆ ಹತ್ತಿರ. 5000 ಹಿಡಿಯುವುದು 200 ಕಿಲೋ, 4000 ಹಿಡಿಯುವುದು 250. ಇಡೀ ವಿಮಾನವನ್ನು ಹಗುರ ಪೆಟ್ಟಿಗೆಗಳಿಂದ ತುಂಬಿ 5000ದ ಲೆಕ್ಕದಲ್ಲಿ ಬಿಲ್ ಮಾಡಿದರೆ 130 ಟನ್ ಬಿಲ್ಲಾಗುತ್ತದೆ, ವಿಮಾನ ಹೊರಲಾರದ ತೂಕ. ಪೆಟ್ಟಿಗೆಗಳ ನಡುವೆ ಸಂದುಗೊಂದು ಉಳಿಯುತ್ತವೆ, ಪೂರ್ತಿ ಜಾಗ ಎಂದೂ ತುಂಬುವುದಿಲ್ಲ ಎಂಬುದು ಕಂಪನಿಗಳ ಸಮರ್ಥನೆ; ಅದರಲ್ಲಿ ಹುರುಳಿದೆ. ಆದರೆ ಅವರು ಹೇಳದೆ ಬಿಡುವ ಸಂಗತಿಯೊಂದಿದೆ. ಪುಸ್ತಕದ ಪೆಟ್ಟಿಗೆಗೆ ತೂಕದ ದರ, ಪಕ್ಕದ ದಿಂಬಿಗೆ ಜಾಗದ ದರ ಎಂದು ವಸೂಲಿ ಮಾಡಿ, ಎರಡನ್ನೂ ಒಂದೇ ವಿಮಾನದಲ್ಲಿ ಹದವಾಗಿ ಬೆರೆಸಿದರೆ ವಿಮಾನದ ತೂಕವೂ ಜಾಗವೂ ಎರಡೂ ಮಾರಾಟವಾಗುತ್ತವೆ. ಬಿಲ್ಲಿನ ಕಿಲೋಗಳ ಮೊತ್ತ ವಿಮಾನ ಹೊತ್ತ ಕಿಲೋಗಳಿಗಿಂತ ಹೆಚ್ಚಾಗುತ್ತದೆ. ಸರಕು ಏಜೆಂಟರ ಲಾಭದ ಒಂದು ಪಾಲು ಹುಟ್ಟುವುದು ಈ ಬೆರಕೆಯಲ್ಲೇ.

ಭಾಜಕ ಇಳಿಸುವುದೆಂದರೆ ದರಪಟ್ಟಿ ಮುಟ್ಟದೆ ದರ ಏರಿಸುವುದು. 2017ರಲ್ಲಿ ಫೆಡೆಕ್ಸ್ ಅಮೆರಿಕದಲ್ಲಿ ಅಂಗುಲ ಪೌಂಡ್ ಲೆಕ್ಕದ ಭಾಜಕವನ್ನು 166ರಿಂದ 139ಕ್ಕೆ ಇಳಿಸಿತು. ನಮ್ಮ ಮಾನದಲ್ಲಿ ಅದು 6000ದಿಂದ 5000ಕ್ಕೆ ಇಳಿದಂತೆ. ಅದೇ ಪೆಟ್ಟಿಗೆ ಒಂದು ರಾತ್ರಿಯಲ್ಲಿ ಕಾಗದದ ಮೇಲೆ ಶೇ. 19ರಷ್ಟು ಭಾರವಾಯಿತು. ಕಿಲೋ ದರ ಎರಡು ರೂಪಾಯಿ ಏರಿದರೆ ಗದ್ದಲ ಎಬ್ಬಿಸುವ ಮಾರಾಟಗಾರರು ಇಂಥ ಬದಲಾವಣೆಯನ್ನು ಗಮನಿಸುವುದೇ ಇಲ್ಲ. ತಕ್ಕಡಿಯ ಮೇಲಿನ ಕುರುಡು ನಂಬಿಕೆಯಿಂದ ಆಗಿರುವ ದೊಡ್ಡ ಹಾನಿ ಇದು: ಗಾತ್ರದ ಲೆಕ್ಕವೇ ಮೋಸ ಎಂದು ಕೂಗುವವರಿಗೆ ಆ ಲೆಕ್ಕದೊಳಗಿನ ಮೋಸ ಹಿಡಿಯುವ ಸಾಮರ್ಥ್ಯ ಬೆಳೆಯಲಿಲ್ಲ. ಮಾರಾಟ ವೇದಿಕೆಗಳೊಂದಿಗೆ ತೂಕದ ವ್ಯಾಜ್ಯ ಹೂಡುವ ಎಷ್ಟೋ ಮಂದಿ ತಕ್ಕಡಿಯ ಫೋಟೊ ಕಳಿಸುತ್ತಾರೆ. ಬೇಕಾದದ್ದು ಟೇಪು ಹಿಡಿದು ಮೂರು ಬದಿ ಅಳೆದ ಫೋಟೊ.

ಪೆಟ್ಟಿಗೆಯೊಳಗಿನ ಖಾಲಿ ಜಾಗ ತಗ್ಗಿಸುವ ದಿಕ್ಕಿನಲ್ಲಿ ಯುರೋಪಿನಲ್ಲಿ ಕಾನೂನೂ ಕಾಲಿಟ್ಟಿದೆ. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಪ್ಯಾಕಿಂಗ್ ನಿಯಮಾವಳಿ, ಇ-ಕಾಮರ್ಸ್ ಪೆಟ್ಟಿಗೆಯೊಳಗಿನ ಖಾಲಿ ಜಾಗ ಅರ್ಧಕ್ಕಿಂತ ಹೆಚ್ಚಿರಬಾರದೆಂದು ಈ ದಶಕದ ಕೊನೆಯ ಗಡುವು ಇಟ್ಟಿದೆ. ತುಂಬಿಸಿದ ಗಾಳಿಚೀಲ, ಗುಳ್ಳೆ ಹಾಳೆ, ಫೋಮ್, ಕಾಗದದ ಚೂರುಗಳನ್ನೂ ಅದು ಖಾಲಿ ಜಾಗವೆಂದೇ ಎಣಿಸುತ್ತದೆ. ಪ್ಲಾಸ್ಟಿಕ್ ಗಾಳಿಚೀಲ ತೆಗೆದು ಕಾಗದ ತುಂಬಿ ಪರಿಸರ ಉಳಿಸಿದೆವು ಎನ್ನುವವರಿಗೆ ಇದು ಸರಿಯಾದ ಉತ್ತರ. ಕಾಗದ ತುಂಬಿದರೂ ಲಾರಿಯಲ್ಲಿ ಪೆಟ್ಟಿಗೆ ಹಿಡಿಯುವ ಜಾಗ ಅಷ್ಟೇ.

ಇಲ್ಲಿ ಅಂಥ ಕಾನೂನಿಗೆ ಕಾಯುವ ಮೊದಲು ಸುಲಭವಾಗಿ ಕೇಳಬಹುದಾದದ್ದು ಇಷ್ಟು. ಪ್ರತಿಯೊಂದು ಕೊರಿಯರ್ ರಸೀದಿಯಲ್ಲೂ ತೂಕದ ಪಕ್ಕದಲ್ಲಿ ಉದ್ದ, ಅಗಲ, ಎತ್ತರ ಮತ್ತು ಬಳಸಿದ ಭಾಜಕ ಅಚ್ಚಾಗಬೇಕು; ಭಾಜಕ ಬದಲಿಸುವ ಕಂಪನಿ ಅದನ್ನು ದರ ಏರಿಕೆ ಎಂದೇ ಮುಂಚಿತವಾಗಿ ಪ್ರಕಟಿಸಬೇಕು. ಕಳಿಸುವವರು ಪೆಟ್ಟಿಗೆಗೆ ಟೇಪು ಅಂಟಿಸುವ ಮುನ್ನ ಅಳತೆಯ ಟೇಪನ್ನೂ ಒಮ್ಮೆ ಕೈಗೆ ತೆಗೆದುಕೊಳ್ಳಲಿ.